ಅತ್ತೆ ಹೇಳ್ತಾರೆ, ಮಗುವನ್ನು ಮದುವೆಗೆ ತರಬೇಡ ಅಂತ

ಪ್ರಶ್ನೆ: ನಾನು ಒಂದನೇ ತರಗತಿಯ ಶಿಕ್ಷಕಿ. ಈ ವರ್ಷ ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬ ನಮ್ಮ ಶಾಲೆಗೆ ಸೇರಿದ್ದಾನೆ. 'ಅವನ ಪಕ್ಕ ಕೂತರೆ ನಮ್ಮ ಮಕ್ಕಳೂ ಹಾಗೇ ಆಗ್ತಾರೆ, ಬೇರೆ ಕಡೆ ಕೂರಿಸಿ' ಎಂದು ಇಬ್ಬರು ತಾಯಂದಿರು ಬಂದು ಹೇಳಿದರು. ಏನು ಉತ್ತರ ಕೊಡಲಿ?
– ಶಿಕ್ಷಕಿ, ಹಾವೇರಿ

ಉತ್ತರ: ಮೇಡಂ, ಅವರಿಬ್ಬರನ್ನೂ ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿ. ನೆಗಡಿಯ ಹಾಗೆ ಅಂಟಿಕೊಳ್ಳುವ ಕಾಯಿಲೆ ಇದಲ್ಲ, ಹುಟ್ಟಿನಿಂದಲೇ ಇರುವ ಸ್ಥಿತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡ 40ಕ್ಕಿಂತ ಕಡಿಮೆಯಿಲ್ಲದಷ್ಟು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಕಲಿಯುವ ಹಕ್ಕಿದೆ. ಅವನು ಅಲ್ಲಿ ಕೂತಿರುವುದು ಯಾರ ದಯೆಯಿಂದಲೂ ಅಲ್ಲ.

ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಈ ಮಕ್ಕಳಲ್ಲಿ ಕಿವಿ, ಕಣ್ಣಿನ ತೊಂದರೆ ಜಾಸ್ತಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕಿಂತ ಕಣ್ಣಿಗೆ ತೋರಿಸಿದ್ದನ್ನು ಬೇಗ ಹಿಡಿಯುತ್ತಾರೆ. ಹಾಜರಿ ಪುಸ್ತಕ ತಂದುಕೊಡುವ ಕೆಲಸ ಅವನಿಗೇ ಕೊಡಿ. ಅವನ ಪಕ್ಕ ಕೂರುವ ಮಕ್ಕಳು ಆರು ತಿಂಗಳಲ್ಲಿ ಅವನ ಮಾತನ್ನು ನಿಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ, ನೋಡ್ತಾ ಇರಿ.

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಏಳು ತಿಂಗಳ ಮಗಳಿದ್ದಾಳೆ. ಅವಳಿಗೆ ಡೌನ್ ಸಿಂಡ್ರೋಮ್ ಎಂದು ರಕ್ತ ಪರೀಕ್ಷೆಯಲ್ಲಿ ಬಂದಿದೆ. ಬರುವ ಫೆಬ್ರವರಿಯಲ್ಲಿ ನಾದಿನಿಯ ಮದುವೆ. ಮಗುವನ್ನು ತವರಿನಲ್ಲಿ ಬಿಟ್ಟು ಬಾ ಎನ್ನುತ್ತಿದ್ದಾರೆ ಅತ್ತೆ. ಗಂಡಿನ ಕಡೆಯವರು ನೋಡಿದರೆ 'ಇವರ ರಕ್ತದಲ್ಲೇ ಇದೆ' ಅಂದುಕೊಂಡು ಸಂಬಂಧ ಮುರಿದುಬಿಡಬಹುದು ಎಂಬ ಭಯ ಅವರಿಗೆ. ನಾನು ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದೆ, ಅದಕ್ಕೇ ಹೀಗಾಯ್ತು ಅಂತಲೂ ಹೇಳುತ್ತಾರೆ. ಮಗುವಿನ ಕುತ್ತಿಗೆ ಇನ್ನೂ ಸರಿಯಾಗಿ ನಿಂತಿಲ್ಲ. 'ಈ ಮಕ್ಕಳು ಇಷ್ಟೇ' ಎಂದು ಇಲ್ಲಿಯ ಡಾಕ್ಟರೊಬ್ಬರು ಹೇಳಿಬಿಟ್ಟರು. ನಾನೇನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ತಂಗಿ, ಮಗಳನ್ನು ಮದುವೆಗೆ ಕರೆದುಕೊಂಡು ಹೋಗಿ.

ಗ್ರಹಣದ ಮಾತು ಮೊದಲು ಮುಗಿಸಿಬಿಡೋಣ. ನಮ್ಮೆಲ್ಲರ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳು, 23 ಜೋಡಿಯಾಗಿ ಇರುತ್ತವೆ. ನಿಮ್ಮ ಮಗಳಲ್ಲಿ 21ನೆಯದು ಎರಡರ ಬದಲು ಮೂರಿದೆ. ಫ್ರಾನ್ಸಿನ ಜೆರೋಮ್ ಲೆಜ್ಯೂನ್ ಮತ್ತವರ ಜೊತೆಗಾರರು 1959ರಲ್ಲೇ ಇದನ್ನು ತೋರಿಸಿಕೊಟ್ಟರು. ಈ ಹೆಚ್ಚುವರಿ ಒಂದು ಸೇರುವುದು ಬಹುಪಾಲು ಅಂಡಾಣು ತಯಾರಾಗುವಾಗಲೇ. ಅಂದರೆ ನೀವು ಬಸುರಿಯಾಗುವ ಮುಂಚೆಯೇ ಅದು ಆಗಿಹೋಗಿರುತ್ತದೆ. ಆಮೇಲೆ ನೀವು ಹೊರಗೆ ಹೋದರೇನು, ಪಪ್ಪಾಯಿ ತಿಂದರೇನು, ಅದರಿಂದ ಈ ಮೂರನೆಯದು ಬರುವುದಿಲ್ಲ. ತಾಯಿಯ ವಯಸ್ಸು ಏರಿದಂತೆ ಇದರ ಸಾಧ್ಯತೆ ಏರುತ್ತದೆ, ನಿಜ. ಆದರೆ ನಿಮ್ಮಂಥ ಚಿಕ್ಕ ವಯಸ್ಸಿನವರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ. ನಾನು ಹೆತ್ತಾಗ ನನಗೆ 26.

ಹೌದು, ನನ್ನ ಮಗ ಸುಮಂತನಿಗೂ ಡೌನ್ ಸಿಂಡ್ರೋಮ್. ಈಗ ಅವನಿಗೆ 27.

ಇನ್ನು ಅತ್ತೆಯವರ ಭಯ. ಅವರು ಕೆಟ್ಟವರಲ್ಲ, ಮಗಳ ಮದುವೆಯ ಚಿಂತೆ ಅವರಿಗೆ. ಆ ಭಯಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ರಿಪೋರ್ಟಿನಲ್ಲೇ ಇದೆ. ತೆಗೆದು ನೋಡಿ. '47, ಎಕ್ಸ್ಎಕ್ಸ್, +21' ಎಂದಿದ್ದರೆ ಅದು ವಂಶದಿಂದ ಬಂದದ್ದಲ್ಲ. ನೂರರಲ್ಲಿ ಸುಮಾರು 95 ಮಕ್ಕಳದ್ದು ಹೀಗೇ. ನಿಮ್ಮ ನಾದಿನಿಗೆ ಮುಂದೆ ಹುಟ್ಟುವ ಮಕ್ಕಳಿಗೂ ಇದಕ್ಕೂ ಸಂಬಂಧವಿಲ್ಲ. 'ಟ್ರಾನ್ಸ್‌ಲೊಕೇಶನ್' (21ನೆಯದು ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುವುದು) ಎಂದು ಬರೆದಿದ್ದರೆ ಮಾತ್ರ ನೀವೂ ನಿಮ್ಮ ಯಜಮಾನರೂ ರಕ್ತ ಪರೀಕ್ಷೆ ಮಾಡಿಸಬೇಕು. ಅದು ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ. ಆಗಲೂ ಎಲ್ಲರದ್ದೂ ತಂದೆ ತಾಯಿಯಿಂದ ಬಂದಿರುವುದಿಲ್ಲ. ಯಜಮಾನರಲ್ಲಿ ಕಂಡರೆ ನಾದಿನಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ಏನೇ ಇರಲಿ, ರಿಪೋರ್ಟ್ ಹಿಡಿದುಕೊಂಡು ನಿಮ್ಮ ಯಜಮಾನರು ಮದುವೆಗೆ ಮುಂಚೆಯೇ ಹೋಗಿ ಗಂಡಿನ ತಂದೆಯ ಹತ್ತಿರ ಮಾತಾಡಲಿ. ನೀವು ಹೇಳದಿದ್ದರೆ ಛತ್ರದಲ್ಲಿ ಯಾರೋ ಒಬ್ಬರು ಪಿಸುಗುಟ್ಟಿಯೇ ತೀರುತ್ತಾರೆ. ಅವರ ಬಾಯಲ್ಲಿ ಅದು ಬೇರೆಯೇ ಕಥೆಯಾಗುತ್ತದೆ, ಅಲ್ವಾ?

ಇಷ್ಟು ಖಚಿತವಾಗಿ ಹೇಳುವುದಕ್ಕೆ ಒಂದು ಕಾರಣ ಇದೆ. ಸುಮಂತನಿಗೆ ಒಂಬತ್ತು ವರ್ಷವಿದ್ದಾಗ ನನ್ನ ತಮ್ಮನ ಮದುವೆ. ಅವನಿಗೆ ಹಳದಿ ಅಂಗಿ ಹೊಲಿಸಿದ್ದೆ. ಆ ಹೊತ್ತಿಗೆ ಗುಂಡಿ ಹಾಕುವುದನ್ನು ಎಂಟು ತಿಂಗಳಿಂದ ಕಲಿಸುತ್ತಿದ್ದೆ. ಮೇಲಿಂದ ಶುರು ಮಾಡಿದರೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಆಗುತ್ತಿತ್ತು. ಕೊನೆಗೆ ಕೆಳಗಿನ ಗುಂಡಿಯಿಂದ ಶುರು ಮಾಡಿಸಿದೆ. ಎರಡು ಅಂಚು ಸರಿಯಾಗಿ ಜೋಡಿಸಿ, ನಾಲಿಗೆ ಹೊರಗೆ ಚಾಚಿಕೊಂಡು, ಒಂದೊಂದೇ ಹಾಕುತ್ತಾ ಮೇಲಕ್ಕೆ ಬರುತ್ತಿದ್ದ. ಮದುವೆಯ ಬೆಳಗ್ಗೆ ಐದೂ ಗುಂಡಿ ಅವನೇ ಹಾಕಿಕೊಂಡ. ಅಷ್ಟರಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, 'ಬೀಗರ ಎದುರು ಯಾಕೆ ಸುಮ್ನೆ' ಎಂದರು. ನಾನು ಎದುರು ಮಾತಾಡಲಿಲ್ಲ. ಅವನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆ.

ಸಂಜೆ ಬಂದಾಗ ಅವನು ಅವರ ಮನೆಯ ಗೇಟಿನ ಹತ್ತಿರ ಕೂತಿದ್ದ. ಅಂಗಿ ಬಿಚ್ಚುವುದಕ್ಕೆ ಬಿಟ್ಟಿರಲಿಲ್ಲವಂತೆ. ಊಟ ಮಾಡುವಾಗ ಕಲೆ ಆಗುತ್ತದೆಂದು ಟವಲ್ ಕಟ್ಟಿಸಿಕೊಂಡಿದ್ದ. ನನ್ನನ್ನು ಕಂಡವನೇ ಎದ್ದು ನಿಂತು, 'ಈಗ ಮಾಮನ ಮದುವೆ?' ಎಂದ. ಆ ಮದುವೆಯ ಆಲ್ಬಮ್ ನಮ್ಮ ಮನೆಯಲ್ಲಿದೆ. ಅದರಲ್ಲಿ ಅವನಿಲ್ಲ. ಇವತ್ತಿಗೂ ಅದನ್ನು ತೆರೆಯಲು ನನ್ನ ಕೈ ಬರುವುದಿಲ್ಲ.

ಆಮೇಲೆ ಯಾವ ಸಮಾರಂಭಕ್ಕೂ ಅವನನ್ನು ಬಿಟ್ಟು ಹೋಗಿಲ್ಲ. ಎಲ್ಲರೂ ಪ್ರೀತಿಯಿಂದ ನೋಡಿದರು ಎಂದು ಸುಳ್ಳು ಹೇಳಲಾರೆ. ಒಬ್ಬಾಕೆ ಬಸುರಿ ಸೊಸೆಯನ್ನು ನಮ್ಮ ಪಕ್ಕದಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದರು. 'ಪಾಪ, ದೇವರ ಮಗು' ಎನ್ನುವವರಂತೂ ತುಂಬಾ ಜನ. ಈಗ ಅವನು ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಲ್ಲುತ್ತಾನೆ. ಬಂದವರಿಗೂ ಚಿಮುಕಿಸುತ್ತಾನೆ, ಪಾತ್ರೆ ಇಳಿಸುವ ಅಡುಗೆಯವರಿಗೂ ಚಿಮುಕಿಸುತ್ತಾನೆ. ಕಳೆದ ಸಲ ತಮ್ಮನ ಮಗಳ ನಾಮಕರಣಕ್ಕೆ, 'ಸುಮಂತ ಎಲ್ಲಿ, ಪನ್ನೀರು ಯಾರು ಹಾಕ್ತಾರೆ' ಎಂದು ಕೇಳಿದವರು ಅವತ್ತು ನನ್ನನ್ನು ಪಕ್ಕಕ್ಕೆ ಕರೆದಿದ್ದ ಅದೇ ಹಿರಿಯರು.

ಈಗ ಮಗುವಿನ ಆರೋಗ್ಯ. ಮದುವೆಗಿಂತ ಅರ್ಜೆಂಟು ಇದು. ಹೃದಯದ ಎಕೋ (ಸ್ಕ್ಯಾನ್) ಮಾಡಿಸಿದ್ದೀರಾ? ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ. ಜೊತೆಗೆ ಥೈರಾಯ್ಡ್, ಕಿವಿ, ಕಣ್ಣು. ಅಂಗನವಾಡಿಗೆ ಬರುವ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರಿ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲೇ ಡೌನ್ ಸಿಂಡ್ರೋಮ್ ಇದೆ. ಅಲ್ಲಿಂದ ಮುಂದಕ್ಕೆ ಕಳಿಸುವ ವ್ಯವಸ್ಥೆಯೂ ಇದೆ. ಕುತ್ತಿಗೆ ತಡವಾಗಿ ನಿಲ್ಲುವುದು ಸ್ನಾಯು ಸಡಿಲ ಇರುವುದರಿಂದ. ಫಿಸಿಯೋಥೆರಪಿ ಈಗಲೇ ಶುರು ಮಾಡಿ. ಮಾತಿಗಾಗಿ ನಾವು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಿದ್ದೆವು. 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಆಟೋದವರೇ ಬಿಡುತ್ತಾರೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಬಗ್ಗೆಯೂ ಕೇಳಿ.

'ಈ ಮಕ್ಕಳು ಇಷ್ಟೇ' ಎಂದು ನನಗೂ ಹೇಳಿದ್ದರು. ಸುಮಂತ ಈಗ ನನ್ನ ಅಣ್ಣನ ದಿನಸಿ ಅಂಗಡಿಯಲ್ಲಿ ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಕಟ್ಟುತ್ತಾನೆ. ಲೆಕ್ಕ ಬರುವುದಿಲ್ಲ, ಚಿಲ್ಲರೆ ಕೊಡಲು ಬರುವುದಿಲ್ಲ. ತೂಕದ ಯಂತ್ರದಲ್ಲಿ 250 ಬರುವವರೆಗೆ ಒಂದೊಂದೇ ಕಾಳು ಹಾಕುತ್ತಾನೆ.

ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದೆ. 'ಪಾಪು ಹೆಸರೇನು?' ಎಂದು ಕೇಳಿದ. ಹುಡುಕಿದೆ, ಪತ್ರದಲ್ಲಿ ಎಲ್ಲೂ ಇರಲಿಲ್ಲ. ನಿಮ್ಮ ಹೆಸರು ಬೇಡವಾದರೆ ಬೇಡ. ಮುಂದಿನ ಪತ್ರದಲ್ಲಿ ಮಗಳ ಹೆಸರು ಬರೆಯಿರಿ, ಅವನಿಗೆ ಹೇಳಬೇಕು.