ರಿಪೋರ್ಟ್ ನಾರ್ಮಲ್, ಆದರೆ ಹೊಟ್ಟೆನೋವು ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಹೊಸನಗರದ ಹತ್ತಿರ ಅಡಿಕೆ ತೋಟ ಇದೆ, ಸಾಲವೂ ಇದೆ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಇವರ ಹೊಟ್ಟೆ ಸರಿಯಿಲ್ಲ. ಬ್ಯಾಂಕಿಗೋ ಮಂಡಿಗೋ ಹೊರಡುವ ದಿನ ಬೆಳಿಗ್ಗೆ ಹೊಟ್ಟೆ ಹಿಂಡುತ್ತದೆ, ಮೂರ್ನಾಲ್ಕು ಸಲ ಭೇದಿ ಆಗುತ್ತದೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲಾ ನಾರ್ಮಲ್. ಡಾಕ್ಟರು ‘ಟೆನ್ಷನ್ ಅಷ್ಟೆ’ ಎಂದರು. ಈಗ ಮನೆಯಲ್ಲಿ ಎಲ್ಲರೂ ‘ನಿಂಗೇನೂ ಆಗಿಲ್ಲ’ ಎನ್ನುತ್ತಾರೆ. ಇವರು ಮಾತೇ ಕಡಿಮೆ ಮಾಡಿದ್ದಾರೆ. ಇದು ಕಾಯಿಲೆಯೋ, ಭ್ರಮೆಯೋ?

ಉತ್ತರ: ಕಾಯಿಲೆಯೇ, ಅಮ್ಮ. ‘ನಿಂಗೇನೂ ಆಗಿಲ್ಲ’ ಎನ್ನುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ನೀವು ಬರೆದ ಲಕ್ಷಣ ನೋಡಿದರೆ ಇದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಕೆರಳುವ ತೊಂದರೆ) ಇರಬಹುದು. ಇದರಲ್ಲಿ ಹುಣ್ಣು, ಗಡ್ಡೆ ಇರುವುದಿಲ್ಲ, ಹಾಗಾಗಿ ಸ್ಕ್ಯಾನಿಂಗಿನಲ್ಲಿ ಏನೂ ಸಿಗುವುದಿಲ್ಲ. ಹದ ತಪ್ಪಿರುವುದು ಕರುಳಿನ ಕೆಲಸ.

ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ಎಂಬ ನರದ ಮೂಲಕ ಮಿದುಳಿಗೂ ಕರುಳಿಗೂ ಸದಾ ಸುದ್ದಿ ಓಡಾಡುತ್ತದೆ. ಆತಂಕವಾದಾಗ ದೇಹದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ, ದೊಡ್ಡ ಕರುಳು ಜೋರಾಗಿ ಹಿಂಡುತ್ತದೆ. ಪರೀಕ್ಷೆ ದಿನ ಮಕ್ಕಳು ಪದೇ ಪದೇ ಎರಡಕ್ಕೆ ಓಡುವುದಿಲ್ವಾ? ಆತಂಕ ತಿಂಗಳುಗಟ್ಟಲೆ ಉಳಿದರೆ ಕರುಳಿನ ನರಗಳೂ ಸೂಕ್ಷ್ಮವಾಗುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಇವರಿಗೆ ನೋವು ಕೊಡುತ್ತದೆ. ನೋವು ಬಂದಾಗ ‘ಬಸ್ಸಿನಲ್ಲಿ ಅವಸರವಾದರೆ ಏನು ಮಾಡಲಿ’ ಎಂಬ ಭಯ, ಆ ಭಯಕ್ಕೆ ಮತ್ತೆ ನೋವು.

ಹಾಗಂತ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟುವುದೂ ತಪ್ಪು. ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಮುಖ್ಯ ಕಾರಣ ಎಂದು ವೈದ್ಯರೇ ದಶಕಗಳ ಕಾಲ ನಂಬಿದ್ದರು. ಅದಕ್ಕೆ ಬಹುತೇಕ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಆದ್ದರಿಂದ ಮಲದಲ್ಲಿ ರಕ್ತ, ತೂಕ ಇಳಿಯುವುದು, ರಕ್ತಹೀನತೆ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಒಂದು ಇದ್ದರೂ ಹೊಟ್ಟೆಯ ತಜ್ಞರಿಗೆ ಮತ್ತೆ ತೋರಿಸಿ. ಬಾಯಿಂದ ಹಾಕುವ ಎಂಡೋಸ್ಕೋಪಿಯಲ್ಲಿ ದೊಡ್ಡ ಕರುಳು ಕಾಣುವುದಿಲ್ಲ. ಅದಕ್ಕೆ ಗುದದ್ವಾರದಿಂದ ನಳಿಕೆ ಹಾಕಿ ನೋಡುವ ಕೊಲೊನೋಸ್ಕೋಪಿ ಬೇಕಾಗಬಹುದು.

ಊಟ ಹೊತ್ತಿಗೆ ಸರಿಯಾಗಿರಲಿ. ಖಾಲಿ ಹೊಟ್ಟೆಗೆ ಕಾಫಿ ಬೇಡ. ಖಾರ, ಕರಿದದ್ದು ಕಡಿಮೆಯಾಗಲಿ. ಇಸಬ್‌ಗೋಲ್ ಕೆಲವರಿಗೆ ಒಗ್ಗುತ್ತದೆ. ಮನೋವೈದ್ಯರ ಹತ್ತಿರ ಹೋಗಲು ಸಂಕೋಚ ಬೇಡ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಆ ವಿಭಾಗ ಇದೆ. ಆಪ್ತಸಮಾಲೋಚನೆಯಿಂದ ಐಬಿಎಸ್ ನೋವು ಎಷ್ಟೋ ಜನರಿಗೆ ಇಳಿಯುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ಸಣ್ಣ ಪ್ರಮಾಣದಲ್ಲಿ ಕರುಳಿನ ನೋವಿಗೂ ಕೊಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ.

ಮಾತು ಕಡಿಮೆಯಾಗಿದೆ ಎಂದಿದ್ದೀರಲ್ಲ, ಹೊಟ್ಟೆಗಿಂತ ನನಗೆ ಅದೇ ಜಾಸ್ತಿ ಚಿಂತೆ. ಸಾಲದ ಲೆಕ್ಕ ಇಬ್ಬರೂ ಕೂತು ನೋಡಿ, ಬ್ಯಾಂಕಿಗೆ ಜೊತೆಗೇ ಹೋಗಿ. ‘ಬದುಕೇ ಬೇಡ’ ಎಂಬಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಆಗಲೇ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.