ಪೆನ್ನು ಯಾರ ಕೈಯಲ್ಲಿತ್ತು? ಗಣಿತ ಟ್ಯೂಟರಿಂಗ್ ಸೆಂಟರ್ ಕುರಿತು ಓದುಗರ ಪ್ರಶ್ನೆಗಳು

ಕಾಲೇಜುಗಳಲ್ಲಿ ನಡೆಯುವ ಗಣಿತ ಟ್ಯೂಟರಿಂಗ್ ಸೆಂಟರ್‌ಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ವಾರಕ್ಕೆರಡು ಸಲ ಸೆಂಟರ್‌ಗೆ ಹೋಗುತ್ತೇನೆ. ಟ್ಯೂಟರ್ ಹೇಳಿಕೊಡುವಾಗ ಎಲ್ಲ ನೀರು ಕುಡಿದಷ್ಟು ಸುಲಭ. ಪರೀಕ್ಷೆಯಲ್ಲಿ ಅದೇ ಥರದ ಲೆಕ್ಕ ಬಂದರೆ ಎರಡನೇ ಸಾಲಿಗೇ ಕೈ ನಿಂತುಹೋಗುತ್ತದೆ. ತಪ್ಪೆಲ್ಲಿ?
– ಕ್ಯಾಲ್ಕುಲಸ್ ಓದುತ್ತಿರುವ ವಿದ್ಯಾರ್ಥಿನಿ

ಉತ್ತರ: ಮೊದಲು ನಮ್ಮದೊಂದು ಮರುಪ್ರಶ್ನೆ: ಆ ಹೊತ್ತಿನಲ್ಲಿ ಪೆನ್ನು ಯಾರ ಕೈಯಲ್ಲಿತ್ತು? ಟ್ಯೂಟರ್ ಬರೆಯುತ್ತಾ, ನೀವು ತಲೆಯಾಡಿಸುತ್ತಾ ಕೂತಿದ್ದರೆ ನಿಮಗೆ ತಿಳಿದದ್ದು ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು ಎಂಬುದಷ್ಟೇ. ಪರೀಕ್ಷೆ ಕೇಳುವುದು ಬೇರೆಯದನ್ನು: ಇಷ್ಟೊಂದು ದಾರಿಗಳಲ್ಲಿ ಈ ಲೆಕ್ಕಕ್ಕೆ ಯಾವುದನ್ನು ಹಿಡಿಯಬೇಕು? ಆ ತೀರ್ಮಾನವನ್ನು ಸೆಂಟರ್‌ನಲ್ಲಿ ಟ್ಯೂಟರೇ ಮಾಡಿಬಿಟ್ಟಿರುತ್ತಾರೆ, ಅದೂ ಮನಸ್ಸಿನಲ್ಲೇ. ನಿಮ್ಮ ಕಣ್ಣಿಗೆ ಬೀಳುವುದು ಅದಾದ ಮೇಲಿನ ಸಾಲುಗಳು ಮಾತ್ರ.

ಹಾಗಾಗಿ ಕೂತ ಕೂಡಲೇ ಹೇಳಿಬಿಡಿ: ‘ನಾನೇ ಬರೀತೀನಿ, ದಾರಿ ತಪ್ಪಿದ ಕಡೆ ನಿಲ್ಲಿಸಿ.’ ಟ್ಯೂಟರ್ ಏನಾದರೂ ತೋರಿಸಿದಾಗ ‘ಇಲ್ಲಿ ಇದನ್ನೇ ಮಾಡಬೇಕು ಅಂತ ಹೇಗೆ ಗೊತ್ತಾಯಿತು?’ ಎಂದು ಕೇಳಿ. ಇಡೀ ಭೇಟಿಯಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇನ್ನೊಂದಿಲ್ಲ. ಉದಾಹರಣೆಗೆ ಎಕ್ಸ್ / (ಎಕ್ಸ್² + 1) ಎಂಬುದನ್ನು ಇಂಟಿಗ್ರೇಟ್ ಮಾಡಬೇಕು. ಛೇದವನ್ನು ‘ಯು’ ಎಂದು ಇಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ಲೆಕ್ಕ ಮುಗಿದ ಹಾಗೆಯೇ. ಆದರೆ ಅದು ಹೊಳೆಯಬೇಕಾದರೆ ಛೇದದ ಡಿರಿವೇಟಿವ್ 2ಎಕ್ಸ್, ಅದು 2 ಎಂಬ ಗುಣಕವೊಂದನ್ನು ಬಿಟ್ಟರೆ ಅಂಶದಲ್ಲೇ ಕೂತಿದೆ ಎಂಬುದು ಕಣ್ಣಿಗೆ ಬೀಳಬೇಕು. ಅಂಶದಲ್ಲಿ ಎಕ್ಸ್ ಬದಲು ಬರೀ 1 ಇದ್ದಿದ್ದರೆ ಇದೇ ‘ಯು’ ಕೆಲಸಕ್ಕೆ ಬರುತ್ತಿರಲಿಲ್ಲ; ಉತ್ತರ ಇನ್ವರ್ಸ್ ಟ್ಯಾನ್ ಆಗುತ್ತಿತ್ತು. ನೋಟ್ಸಿನಲ್ಲಿ ಲೆಕ್ಕದ ಪಕ್ಕ ಬರೆದಿಟ್ಟುಕೊಳ್ಳಬೇಕಾದದ್ದು ಈ ಸುಳಿವನ್ನು. ಉತ್ತರ ಹೇಗೂ ಪುಸ್ತಕದ ಹಿಂದೆ ಇರುತ್ತದೆ.

ಇನ್ನು ಸೆಂಟರ್‌ನಿಂದ ಏಳುವ ಮುಂಚಿನ ಐದು ನಿಮಿಷ. ಹಾಳೆ ಮಗುಚಿ, ಅದೇ ಲೆಕ್ಕವನ್ನು ಏನೂ ನೋಡದೆ ಮೊದಲಿಂದ ಮಾಡಿ. ನಿಂತುಹೋದರೆ ಟ್ಯೂಟರ್ ಇನ್ನೂ ಅಲ್ಲೇ ಇದ್ದಾರೆ. ಅದೇ ರಾತ್ರಿ ಅಂಕಿ ಬದಲಾಯಿಸಿ ಇನ್ನೊಂದು. ಎರಡು ಮೂರು ದಿನ ಬಿಟ್ಟು ಮತ್ತೊಂದು, ಆದರೆ ಈ ಸಲ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳ ನಡುವೆ ಬೆರೆಸಿ. ‘ಸಬ್‌ಸ್ಟಿಟ್ಯೂಷನ್ ವಿಧಾನ’ ಎಂಬ ಶೀರ್ಷಿಕೆಯ ಕೆಳಗಿರುವ ಇಪ್ಪತ್ತು ಲೆಕ್ಕಗಳಿಗೂ ವಿಧಾನವನ್ನು ಶೀರ್ಷಿಕೆಯೇ ಹೇಳಿಕೊಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಶೀರ್ಷಿಕೆ ಇರುವುದಿಲ್ಲ.

ಪ್ರಶ್ನೆ: ‘ಎಲ್ಲಿ ಅರ್ಥವಾಗಿಲ್ಲ?’ ಎಂದು ಟ್ಯೂಟರ್ ಕೇಳಿದಾಗ ಏನು ಹೇಳಬೇಕೋ ತೋಚುವುದಿಲ್ಲ. ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?
– ಮೊದಲ ಸೆಮಿಸ್ಟರ್ ವಿದ್ಯಾರ್ಥಿ

ಉತ್ತರ: ಪ್ರಶ್ನೆಯ ಪೂರ್ತಿ ಪಾಠ, ಕ್ಲಾಸ್ ನೋಟ್ಸ್, ಪುಸ್ತಕ, ಪರೀಕ್ಷೆಯಲ್ಲಿ ಬಳಸುವ ಅದೇ ಕ್ಯಾಲ್ಕ್ಯುಲೇಟರ್. ಎಲ್ಲಕ್ಕಿಂತ ಮುಖ್ಯ, ನೀವು ಮಾಡಿ ಕೆಡಿಸಿದ ಹಾಳೆ. ಅದನ್ನು ಅಳಿಸಬೇಡಿ, ನೀಟಾಗಿ ಕಾಪಿ ಮಾಡಿಕೊಂಡೂ ಬರಬೇಡಿ. ಹೊಡೆದುಹಾಕಿದ ಸಾಲಿನ ಮೇಲೆ ಒಂದು ಗೆರೆ ಎಳೆದರೆ ಸಾಕು, ಕೆಳಗಿನದು ಓದುವ ಹಾಗಿರಲಿ.

ಕಾರಣ ಹೇಳುತ್ತೇವೆ. ಅದೇ ಎಕ್ಸ್ / (ಎಕ್ಸ್² + 1) ಲೆಕ್ಕವನ್ನು 0ಯಿಂದ 2ರವರೆಗೆ ಇಂಟಿಗ್ರೇಟ್ ಮಾಡಬೇಕು ಅಂದುಕೊಳ್ಳಿ. ವಿದ್ಯಾರ್ಥಿ ಛೇದವನ್ನು ‘ಯು’ ಎಂದಿಟ್ಟು, ಸರಿಯಾಗಿಯೇ ಇಂಟಿಗ್ರೇಟ್ ಮಾಡಿ, ½ ಲಾಗ್ ಯು ಎಂದು ಬರೆಯುತ್ತಾನೆ. ಆಮೇಲೆ ‘ಯು’ ಜಾಗದಲ್ಲಿ 2 ಮತ್ತು 0 ಹಾಕುತ್ತಾನೆ. ಸೊನ್ನೆಗೆ ಲಾಗ್ ಇಲ್ಲ. ಅಲ್ಲಿಗೆ ಲೆಕ್ಕ ಕಚ್ಚಿಕೊಂಡಿತು. ‘ಸರ್, ಲಾಗ್ ಅರ್ಥವಾಗ್ತಿಲ್ಲ’ ಎಂದು ಬರುತ್ತಾನೆ. ಬಾಯಲ್ಲಿ ಹೇಳಿದ್ದನ್ನಷ್ಟೇ ನಂಬಿದರೆ ಟ್ಯೂಟರ್ ಅರ್ಧ ಗಂಟೆ ಲಾಗ್ ಪಾಠ ಮಾಡಿಯಾರು. ಹಾಳೆ ಮುಂದಿದ್ದರೆ ಮೂರು ಸಾಲು ಮೇಲಿನ ತಪ್ಪು ತಕ್ಷಣ ಕಾಣುತ್ತದೆ: 0 ಮತ್ತು 2 ಎಂಬವು ಎಕ್ಸ್‌ನ ಮಿತಿಗಳು, ‘ಯು’ದಲ್ಲ. ಎಕ್ಸ್ 0 ಆದಾಗ ಯು 1, ಎಕ್ಸ್ 2 ಆದಾಗ ಯು 5. ಉತ್ತರ ½ ಲಾಗ್ 5 (ನ್ಯಾಚುರಲ್ ಲಾಗ್), ಸುಮಾರು 0.805. ಕೈ ನಿಂತ ಜಾಗ ಒಂದು, ಎಡವಿದ ಜಾಗ ಇನ್ನೊಂದು.

ಹೋಗುವ ಮುನ್ನ ಒಂದು ಲೆಕ್ಕಕ್ಕೆ 15–20 ನಿಮಿಷ ಪ್ರಾಮಾಣಿಕವಾಗಿ ಒದ್ದಾಡಿ. ಅಷ್ಟರಲ್ಲಿ ದಾರಿ ಸಿಗದಿದ್ದರೆ ನಿಂತ ಸಾಲಿನ ಪಕ್ಕ ಒಂದು ವಾಕ್ಯ ಬರೆಯಿರಿ: ‘ಇಲ್ಲಿಯವರೆಗೆ ಸರಿ ಅನ್ನಿಸುತ್ತದೆ, ಇಲ್ಲಿಂದ ಮುಂದೆ ಮಿತಿ ಏನು ಮಾಡಬೇಕು ಗೊತ್ತಿಲ್ಲ.’ ಟ್ಯೂಟರ್ ಕೇಳುವ ಪ್ರಶ್ನೆಗೆ ಅದೇ ಉತ್ತರ. ಒಂದು ಭೇಟಿಗೆ ಎರಡು ಮೂರು ಲೆಕ್ಕ ಸಾಕು. ಹದಿನೈದು ಲೆಕ್ಕದ ಪಟ್ಟಿ ಹಿಡಿದು ಹೋದವರಿಗೆ ಹದಿನೈದು ಉತ್ತರ ಸಿಗಬಹುದು, ಅಷ್ಟೇ.

ಪ್ರಶ್ನೆ: ಹೊಸ ಪಾಠ ಅರ್ಥವಾಗುತ್ತದೆ, ಆದರೆ ಪ್ರತಿ ಲೆಕ್ಕದಲ್ಲೂ ಬೀಜಗಣಿತ ಕೈಕೊಡುತ್ತದೆ. ಕಾಲೇಜಿಗೆ ಬಂದು ಹೈಸ್ಕೂಲ್ ಲೆಕ್ಕ ಕೇಳಲು ನಾಚಿಕೆ.
– ಹೆಸರು ಬೇಡ ಎಂದವರು

ಉತ್ತರ: ಟ್ಯೂಟರ್‌ಗಳಿಗೆ ಇದು ದಿನನಿತ್ಯದ ಮಾತು, ಹುಬ್ಬೇರಿಸುವವರು ಯಾರೂ ಇರುವುದಿಲ್ಲ. ಕ್ಯಾಲ್ಕುಲಸ್‌ನಲ್ಲಿ ಕಳೆದುಹೋಗುವ ಅಂಕಗಳಲ್ಲಿ ಬಹಳಷ್ಟು ಕ್ಯಾಲ್ಕುಲಸ್‌ಗೆ ಸಂಬಂಧಪಟ್ಟವೇ ಅಲ್ಲ.

ತಿದ್ದಿ ಬಂದ ಹಳೆಯ ಎರಡು ಮೂರು ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡು ಹೋಗಿ, ‘ಇವುಗಳಲ್ಲಿ ಮತ್ತೆ ಮತ್ತೆ ಬರುವ ತಪ್ಪು ಯಾವುದು, ನೋಡಿ ಹೇಳಿ’ ಎನ್ನಿ. ಬಹುಮಟ್ಟಿಗೆ ಮೂರು ನಾಲ್ಕೇ ಕಳ್ಳರು ಸಿಗುತ್ತಾರೆ. (ಎಕ್ಸ್ + 3)² ಎಂದರೆ ಎಕ್ಸ್² + 9 ಎಂದು ಬರೆದು ನಡುವಿನ 6ಎಕ್ಸ್ ಬಿಡುವುದು. (ಎಕ್ಸ್ + 3) / (ಎಕ್ಸ್ + 5) ಕಂಡೊಡನೆ ಮೇಲಿನ ಎಕ್ಸ್, ಕೆಳಗಿನ ಎಕ್ಸ್ ಹೊಡೆದು 3/5 ಎನ್ನುವುದು. ಹೊಡೆಯಬಹುದಾದದ್ದು ಗುಣಿಸಿಕೊಂಡಿರುವ ಅಪವರ್ತನವನ್ನು, ಕೂಡಿಕೊಂಡಿರುವ ಪದವನ್ನಲ್ಲ. 7 − (ಎಕ್ಸ್ − 4) ಬಿಡಿಸುವಾಗ ಮೈನಸ್ ಚಿಹ್ನೆಯನ್ನು ಮೊದಲ ಪದಕ್ಕಷ್ಟೇ ಕೊಟ್ಟು 7 − ಎಕ್ಸ್ − 4 ಮಾಡುವುದು. ಸರಿಯಾದದ್ದು 11 − ಎಕ್ಸ್. ಇನ್ನು ವರ್ಗಮೂಲವನ್ನು ಕೂಡಿಕೆಯ ಮೇಲೆ ಹಂಚುವುದು: √(9 + 16) ಎಂದರೆ 5, ಆದರೆ 3 + 4 ಎಂದರೆ 7.

ಸಂದೇಹ ಬಂದಾಗ ಟ್ಯೂಟರ್ ಬೇಕಿಲ್ಲದ ಒಂದು ಪರೀಕ್ಷೆ ಇದೆ. ಎಕ್ಸ್ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ಎರಡೂ ಸಾಲಿನ ಬೆಲೆ ನೋಡಿ. 2 ಹಾಕಿದರೆ (ಎಕ್ಸ್ + 3)² 25 ಆಗುತ್ತದೆ, ಎಕ್ಸ್² + 9 ಬರೀ 13. ತಪ್ಪು ಸಿಕ್ಕಿಬಿತ್ತು. ಆದರೆ ಸುಲಭ ಅಂತ 0 ಹಾಕಬೇಡಿ: ಆಗ ಎರಡೂ 9 ಆಗಿ ತಪ್ಪು ನುಣುಚಿಕೊಳ್ಳುತ್ತದೆ. ಮೇಲಿನ 3/5ರ ತಪ್ಪೂ ಹಾಗೆಯೇ, 0 ಹಾಕಿದರೆ ಸರಿಯಂತೆಯೇ ಕಾಣುತ್ತದೆ. 1 ಕೂಡ ಅಷ್ಟು ಒಳ್ಳೆಯದಲ್ಲ, ಅದರ ವರ್ಗವೂ 1, ಘನವೂ 1. ನೆನಪಿರಲಿ, ಬೆಲೆ ಹೊಂದಲಿಲ್ಲವೆಂದರೆ ತಪ್ಪು ಖಚಿತ. ಹೊಂದಿತೆಂದ ಮಾತ್ರಕ್ಕೆ ಸರಿ ಎಂಬುದು ಖಚಿತವಲ್ಲ.

ಇದಕ್ಕಾಗಿಯೇ ವಾರಕ್ಕೊಂದು ಭೇಟಿ ಮೀಸಲಿಡಿ. ಹೋಂವರ್ಕ್ ಕೇಳುವ ಭೇಟಿಯ ಕೊನೆಯ ಎರಡು ನಿಮಿಷಕ್ಕೆ ತುರುಕಿದರೆ ಆಗುವ ಕೆಲಸವಲ್ಲ.

ಪ್ರಶ್ನೆ: ಟ್ಯೂಟರ್ ಹೇಳಿಕೊಟ್ಟ ಶಾರ್ಟ್‌ಕಟ್ ನಮ್ಮ ಪ್ರಾಧ್ಯಾಪಕರ ವಿಧಾನಕ್ಕಿಂತ ಬೇಗ ಮುಗಿಯುತ್ತದೆ. ಪರೀಕ್ಷೆಯಲ್ಲಿ ಬಳಸಬಹುದೇ?

ಉತ್ತರ: ಅಂಕ ಕೊಡುವವರು ಪ್ರಾಧ್ಯಾಪಕರು, ಅವರನ್ನೇ ಕೇಳಿ. ಕೇಳುವ ಮುನ್ನ ಶಾರ್ಟ್‌ಕಟ್ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಟ್ಯೂಟರ್‌ರಿಂದ ತಿಳಿದುಕೊಂಡಿರಿ. ಪಾರ್ಷಿಯಲ್ ಫ್ರ್ಯಾಕ್ಷನ್‌ನ ‘ಮುಚ್ಚಿ ನೋಡುವ’ ಉಪಾಯವನ್ನೇ ತೆಗೆದುಕೊಳ್ಳಿ. 1 / ((ಎಕ್ಸ್ − 1)(ಎಕ್ಸ್ + 2)) ಎಂಬುದನ್ನು (ಎಕ್ಸ್ − 1) ಮತ್ತು (ಎಕ್ಸ್ + 2) ಛೇದಗಳಿರುವ ಎರಡು ಭಿನ್ನರಾಶಿಗಳ ಮೊತ್ತವಾಗಿ ಒಡೆಯಬೇಕು: (ಎಕ್ಸ್ − 1)ನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದರಲ್ಲಿ ಎಕ್ಸ್ ಜಾಗಕ್ಕೆ 1 ಹಾಕಿದರೆ ಅದರ ಮೇಲಿನ ಗುಣಕ 1/3; ಇನ್ನೊಂದನ್ನು ಮುಚ್ಚಿ −2 ಹಾಕಿದರೆ −1/3. ಎರಡೇ ಗುಟುಕಿಗೆ ಮುಗಿಯಿತು. ಆದರೆ ಛೇದದಲ್ಲಿ (ಎಕ್ಸ್ − 1)² ಇದ್ದರೆ ಇದರಿಂದ ಸಿಗುವುದು ವರ್ಗದ ಮೇಲಿನ ಗುಣಕ ಮಾತ್ರ, ಬರೀ (ಎಕ್ಸ್ − 1)ರ ಮೇಲಿನದನ್ನು ಬೇರೆ ದಾರಿಯಲ್ಲೇ ಹುಡುಕಬೇಕು. ಎಲ್ಲಿ ಕೆಡುತ್ತದೆ ಎಂದು ಗೊತ್ತಿಲ್ಲದ ಉಪಾಯ ಪರೀಕ್ಷೆಗೆ ಬೇಡ.

ಪ್ರಶ್ನೆ: ಪರೀಕ್ಷೆ ಹತ್ತಿರ ಬಂದಾಗ ಸೆಂಟರ್‌ನಲ್ಲಿ ಕಾಲಿಡಲು ಜಾಗವಿಲ್ಲ. ಯಾವಾಗ ಹೋಗಬೇಕು?

ಉತ್ತರ: ಪರೀಕ್ಷೆಗೆ ಹತ್ತು ಹನ್ನೆರಡು ದಿನ ಇರುವಾಗ. ಹಿಂದಿನ ದಿನ ಹೋದರೆ ಟ್ಯೂಟರ್‌ನ ಗಮನ ಹತ್ತು ಕಡೆ ಹಂಚಿಹೋಗಿರುತ್ತದೆ, ಸಿಕ್ಕ ವಿವರಣೆಯನ್ನು ಕೈಯಿಂದ ಮಾಡಿ ನೋಡಲು ನಿಮಗೂ ಹೊತ್ತಿಲ್ಲ. ಉಳಿದ ದಿನಗಳಲ್ಲಿ, ಅಪಾಯಿಂಟ್‌ಮೆಂಟ್ ಬೇಡದ ಸೆಂಟರ್ ಆದರೆ, ಕ್ಲಾಸ್ ಮುಗಿದ ದಿನವೇ ಅಲ್ಲಿ ಕೂತು ಹೋಂವರ್ಕ್ ಮಾಡಿ. ಸಿಕ್ಕಿಕೊಂಡಾಗ ಕೈ ಎತ್ತಿ, ಬಗೆಹರಿದ ಮೇಲೆ ಮುಂದುವರಿಸಿ. ಸರದಿ ಬರುವವರೆಗೆ ಮುಂದಿನ ಲೆಕ್ಕ ಹಿಡಿಯಿರಿ. ಯಾವ ಟ್ಯೂಟರ್ ಯಾವ ವಿಷಯ ನೋಡುತ್ತಾರೆ ಎಂಬ ವೇಳಾಪಟ್ಟಿ ಇದ್ದರೆ ಮೊದಲ ವಾರವೇ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಟಾಟಿಸ್ಟಿಕ್ಸ್ ಸಂದೇಹ ಹೊತ್ತುಕೊಂಡು ಹೋದ ದಿನ ಅಲ್ಲಿರುವವರೆಲ್ಲ ಕ್ಯಾಲ್ಕುಲಸ್‌ನವರೇ ಆಗಿರಬಾರದಲ್ಲ.

ಪ್ರಶ್ನೆ: ಪ್ರೂಫ್ ಇರುವ ಪೇಪರ್. ಆರಂಭವೇ ಗೊತ್ತಾಗುವುದಿಲ್ಲ, ತೋರಿಸಲು ಖಾಲಿ ಹಾಳೆ ಬಿಟ್ಟು ಏನೂ ಇರುವುದಿಲ್ಲ.
– ಎರಡನೇ ವರ್ಷದ ವಿದ್ಯಾರ್ಥಿನಿ

ಉತ್ತರ: ಖಾಲಿ ಹಾಳೆ ತುಂಬಲು ಮೂರು ವಸ್ತು ಸಾಕು: ಪ್ರಶ್ನೆಯಲ್ಲಿ ಬಂದಿರುವ ಪ್ರತಿ ಪದದ ವ್ಯಾಖ್ಯೆ, ಅಂಕಿ ಹಾಕಿ ನೋಡಿದ ಎರಡು ಉದಾಹರಣೆ, ‘ಕೊಟ್ಟಿರುವುದು’ ಮತ್ತು ‘ತೋರಿಸಬೇಕಾದದ್ದು’ ಎಂಬ ಎರಡು ಸಾಲು. ಇಷ್ಟು ಬರೆಯುವಷ್ಟರಲ್ಲಿ ಅರ್ಧ ಪ್ರೂಫ್‌ಗಳು ತಾವಾಗಿಯೇ ಬಾಯಿಬಿಡುತ್ತವೆ.

ಬರೆದ ಪ್ರೂಫ್ ಇದ್ದರೆ ಅದನ್ನು ಟ್ಯೂಟರ್‌ಗೆ ಗಟ್ಟಿಯಾಗಿ ಓದಿ ಹೇಳಿ, ಪ್ರತಿ ಅಕ್ಷರ ಎಲ್ಲಿಂದ ಬಂತೆಂದು ಅವರು ಕೇಳಲಿ. ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಎಂದು ತೋರಿಸುವಾಗ ‘ಎರಡೂ 2ಕೆ + 1, ಆದ್ದರಿಂದ ಮೊತ್ತ 4ಕೆ + 2’ ಎಂದು ಬರೆಯುವವರು ಬಹಳ. ಉತ್ತರ ಸಮ ಬಂತು, ನಿಜ. ಆದರೆ ಎರಡಕ್ಕೂ ಒಂದೇ ‘ಕೆ’ ಇಟ್ಟದ್ದರಿಂದ 5 + 5 ಸಾಬೀತಾಯಿತೇ ಹೊರತು 5 + 9 ಆಗಲಿಲ್ಲ. ಒಂದಕ್ಕೆ ‘ಕೆ’, ಇನ್ನೊಂದಕ್ಕೆ ‘ಎಂ’ ಇರಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಇಂಥದ್ದು ಕಣ್ತಪ್ಪಿಸಿ ಹೋಗುತ್ತದೆ.

ಪ್ರಶ್ನೆ: ಸೆಂಟರ್ ಇರುವುದು ಹಿಂದುಳಿದವರಿಗೆ ಅಂತಾರೆ. ಚೆನ್ನಾಗಿ ಓದುವವರೂ ಹೋಗಬೇಕೇ? ಗೆಳೆಯರ ಜೊತೆ ಹೋದರೆ ಆಗುತ್ತದೆಯೇ?

ಉತ್ತರ: ಚೆನ್ನಾಗಿ ಓದುವವರೂ ಹೋಗಬೇಕು, ಗೆಳೆಯರ ಜೊತೆಗೂ ಆಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು ಕ್ಯಾಲ್ಕುಲಸ್ ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ಅವರ ಬೆನ್ನುಹತ್ತಿ ನೋಡಿದರು. ಗಂಟೆಗಟ್ಟಲೆ ಒಬ್ಬೊಬ್ಬರೇ ಓದಿ ಹಿಂದೆ ಬಿದ್ದವರು ಒಂದು ಕಡೆ. ತಾವೇ ಮಾಡಿ, ಆಮೇಲೆ ಗುಂಪಿನಲ್ಲಿ ಕೂತು ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಿ ಮುಂದೆ ಬಂದವರು ಇನ್ನೊಂದು ಕಡೆ. ಟ್ರೈಸ್‌ಮನ್ ಆರಂಭಿಸಿದ ಕಾರ್ಯಾಗಾರದಲ್ಲಿ ಕೊಟ್ಟದ್ದು ಸುಲಭದ ಲೆಕ್ಕಗಳನ್ನಲ್ಲ, ಕಷ್ಟದವನ್ನೇ. ಮೂರು ನಾಲ್ಕು ಜನ ಹೋಗಿ, ಆದರೆ ಎಲ್ಲರೂ ಮೊದಲು ಬೇರೆ ಬೇರೆ ಮಾಡಿಕೊಂಡು ಹೋಗಿ. ಉತ್ತರ ಹೊಂದದ ಲೆಕ್ಕವನ್ನು ಮಾತ್ರ ಟ್ಯೂಟರ್ ಮುಂದಿಡಿ. ಒಬ್ಬ ಮಾಡಿ ಮೂವರು ಬರೆದುಕೊಳ್ಳುವ ಗುಂಪಾದರೆ ಒಬ್ಬರೇ ಹೋಗುವುದು ಮೇಲು.

ಪ್ರಶ್ನೆ: ಮಾಡಿದ ವಿಧಾನ ಸರಿ, ಟ್ಯೂಟರ್ ಕೂಡ ಸರಿ ಎನ್ನುತ್ತಾರೆ. ಕ್ಯಾಲ್ಕ್ಯುಲೇಟರ್ ಉತ್ತರ ಮಾತ್ರ ಹೊಂದುವುದಿಲ್ಲ.

ಉತ್ತರ: ಸೈನ್ 30 ಒತ್ತಿ ನೋಡಿ. 0.5 ಬಂದರೆ ಡಿಗ್ರಿ ಮೋಡ್‌ನಲ್ಲಿದೆ, −0.988 ಬಂದರೆ ರೇಡಿಯನ್‌ನಲ್ಲಿದೆ. ಕ್ಯಾಲ್ಕುಲಸ್‌ಗೆ ಬೇಕಾದದ್ದು ರೇಡಿಯನ್. ಎರಡನೇ ಅನುಮಾನ ಆವರಣದ ಮೇಲೆ: −3² ಎಂದು ಒತ್ತಿದರೆ ಬಹುತೇಕ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್‌ಗಳು ಮೊದಲು ವರ್ಗ ಮಾಡಿ −9 ಕೊಡುತ್ತವೆ, 9 ಬೇಕಾದರೆ (−3)² ಎಂದು ಒತ್ತಬೇಕು. ಭಿನ್ನರಾಶಿಯ ಛೇದದಲ್ಲಿ ಎರಡು ಪದಗಳಿದ್ದರೂ ಹಾಗೆಯೇ: 6 ÷ 1 + 2 ಒತ್ತಿದರೆ 8, 6 ÷ (1 + 2) ಒತ್ತಿದರೆ 2.