ಸಹಿ ಹಾಕಿದ ಮೇಲಿನ ಇಪ್ಪತ್ತು ವರ್ಷ

ದಾವಣಗೆರೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಮಗಳು ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪತ್ರದ ಮುಖ್ಯ ಭಾಗ ಇದು:

"ನಮ್ಮ ವಿಶ್ವವಿದ್ಯಾಲಯಗಳು ವಿದೇಶದವರ ಜೊತೆ ಒಡಂಬಡಿಕೆ ಮಾಡಿಕೊಂಡ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಶಾಲು, ಹಾರ, ಫೋಟೊ. ಆಮೇಲೆ ಅದರ ಸುದ್ದಿಯೇ ಇಲ್ಲ. ಅವರಿಗೆ ನಮ್ಮ ಮಣ್ಣು, ನೀರು, ಮಾಹಿತಿ ಬೇಕು. ನಮ್ಮವರಿಗೆ ಅವರ ಹೆಸರು ಬೇಕು. ಮಧ್ಯೆ ನಮ್ಮ ಮಕ್ಕಳಿಗೆ ಏನು ಸಿಕ್ಕಿತು? ಮಗಳಿಗೆ ಈಗ ಇಂಥದ್ದೇ ಒಂದು ಜಂಟಿ ಪಿಎಚ್.ಡಿ.ಗೆ ಅವಕಾಶ ಬಂದಿದೆ. ಕಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ನೀವಾದರೂ ನೇರವಾಗಿ ಹೇಳಿ."

ಮೇಡಂ, ನಮಸ್ಕಾರ.

ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಾತಿನಲ್ಲಿ ನಿಜ ಇದೆ. ಎಷ್ಟೋ ಒಡಂಬಡಿಕೆಗಳು ಕಡತ ಬಿಟ್ಟು ಆಚೆ ಬರುವುದೇ ಇಲ್ಲ. ಅದಕ್ಕೆ ಕಾರಣವೂ ತೀರಾ ಗುಟ್ಟಿನದೇನಲ್ಲ. ಒಡಂಬಡಿಕೆ ಪತ್ರದಲ್ಲಿ ಸಾಮಾನ್ಯವಾಗಿ ದುಡ್ಡಿನ ಮಾತು ಇರುವುದಿಲ್ಲ. ಸಂಶೋಧನೆಯಲ್ಲಿ ಸಹಕರಿಸುತ್ತೇವೆ, ಅಧ್ಯಾಪಕರು ಹೋಗಿ ಬಂದು ಮಾಡುತ್ತಾರೆ ಎಂದಷ್ಟೇ ಇರುತ್ತದೆ. ಯಾರು, ಯಾವ ಕೆಲಸ, ಯಾವ ಊರಲ್ಲಿ, ಯಾರ ಅನುದಾನದಲ್ಲಿ? ಅದು ಅಲ್ಲಿ ಸಿಗುವುದಿಲ್ಲ. ಸಹಿ ಹಾಕಿದ ಕುಲಪತಿಗಳ ಅವಧಿ ಮುಗಿಯುತ್ತದೆ. ಆಸ್ಥೆಯಿಂದ ಓಡಾಡಿದ ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ. ಒಪ್ಪಂದದ ಅವಧಿ ಮುಗಿದದ್ದೂ ಯಾರ ಗಮನಕ್ಕೂ ಬರುವುದಿಲ್ಲ.

ಆದರೆ ಇದನ್ನೇ ಇಟ್ಟುಕೊಂಡು ಎಲ್ಲ ಸಹಯೋಗವೂ ಸುಮ್ನೆ ಎಂದುಬಿಟ್ಟರೆ ತಪ್ಪಾಗುತ್ತದೆ. ನಮ್ಮ ರಾಜ್ಯದಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಒಂದು ಕೆಲಸ ಇದೆ. ನಿಮ್ಮ ಮಗಳು ಓದುವ ವಿಷಯಕ್ಕೂ ಅದು ಹತ್ತಿರದ್ದು. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು ಅನಿಸುತ್ತಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಫ್ರಾನ್ಸಿನ ಐಆರ್‌ಡಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯೂ ಸೇರಿ 2001ರಲ್ಲಿ ಜಲವಿಜ್ಞಾನಕ್ಕೆಂದೇ ಒಂದು ಜಂಟಿ ಘಟಕ ಶುರು ಮಾಡಿದವು. ತುಲೂಸ್ ನಗರದ ಭೂವಿಜ್ಞಾನದ ಪ್ರಯೋಗಾಲಯದವರು, ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆಯವರು ಜೊತೆಗೂಡಿದರು. ಕೆಲಸದ ಜಾಗ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕಡೆ, ಕಬಿನಿ ಜಲಾನಯನದೊಳಗೆ. ಒಂದು ಜಾಗ ಕಾಡು, ಇನ್ನೊಂದು ಊರು. ಕಾಡು ಅಂದರೆ ಬಂಡೀಪುರದೊಳಗಿನ ಮೂಲೆಹೊಳೆ. ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಹೋಗುವವರಿಗೆ ಅಲ್ಲಿನ ಚೆಕ್‌ಪೋಸ್ಟ್ ಗೊತ್ತಿರುತ್ತದೆ. ಅಲ್ಲಿ ಸುಮಾರು 4 ಚದರ ಕಿಲೋಮೀಟರ್‌ನ ಒಂದು ಸಣ್ಣ ಹಳ್ಳದ ಪ್ರದೇಶವನ್ನು ಆರಿಸಿಕೊಂಡರು. ಊರು ಅಂದರೆ ಬೇರಂಬಾಡಿ. ಅದರ ಸುತ್ತಿನ ಜಲಾನಯನ 80 ಚದರ ಕಿಲೋಮೀಟರ್‌ಗೂ ಜಾಸ್ತಿ. ಅರಿಸಿನ, ಬಾಳೆ, ಈರುಳ್ಳಿ, ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ, ಬೋರ್‌ವೆಲ್ ನಂಬಿದ ಪ್ರದೇಶ.

ಎರಡು ಕಡೆಯೂ ಕೆಳಗಿರುವುದು ಗಟ್ಟಿ ಬಂಡೆಯೇ. ಮಳೆಯಲ್ಲಿ ವ್ಯತ್ಯಾಸ ಇದೆ. ಮೂಲೆಹೊಳೆಯಲ್ಲಿ ವರ್ಷಕ್ಕೆ ಸರಾಸರಿ 1100 ಮಿಲಿಮೀಟರ್ ಆಸುಪಾಸು, ಬೇರಂಬಾಡಿಯಲ್ಲಿ 800ರ ಆಸುಪಾಸು. ಇನ್ನೊಂದು ದೊಡ್ಡ ವ್ಯತ್ಯಾಸ ಮನುಷ್ಯರದು. ಒಂದು ಕಡೆ ಉಳುವವರಿಲ್ಲ, ಪಂಪಿಲ್ಲ, ಗೊಬ್ಬರ ಇಲ್ಲ. ಇನ್ನೊಂದು ಕಡೆ ಎಲ್ಲವೂ ಇದೆ. ಎರಡನ್ನೂ ಒಟ್ಟಿಗೆ ಅಳೆಯುತ್ತ ಹೋದರೆ ನೆಲದಡಿಯ ನೀರಿಗೆ ನಾವು ಏನು ಮಾಡಿದ್ದೇವೆ ಎನ್ನುವುದು ಗೊತ್ತಾಗುತ್ತದೆ.

ಕಾಡಿನಿಂದ ಬಂದ ಒಂದು ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ನನಗೆ ತುಂಬ ಮುಖ್ಯ ಅನಿಸಿದ್ದು ಅದು. ಅಲ್ಲಿ ಬಿದ್ದ ಮಳೆಯಲ್ಲಿ ಬಹುಪಾಲು ಮರಗಳ ಮೂಲಕ ವಾಪಸ್ ಗಾಳಿಗೆ ಹೋಗುತ್ತದೆ. ಮರಗಳು ಮೇಲಿನ ಮಣ್ಣಿನ ನೀರನ್ನು ಮಾತ್ರ ಕುಡಿಯುವುದಿಲ್ಲ. ಅದರ ಕೆಳಗೆ, ಬಂಡೆಯ ಮೇಲೆ, ಶಿಥಿಲವಾದ ಕಲ್ಲಿನ ದಪ್ಪ ಪದರ ಇದೆ. ಅಲ್ಲಿಂದಲೂ ನೀರು ಎಳೆಯುತ್ತವೆ. ಬರ ಬಂದ ವರ್ಷ ಆ ಪದರ ಒಣಗುತ್ತದೆ. ಮುಂದೆ ಒಳ್ಳೆ ಮಳೆ ಬಂದರೂ ಮೊದಲು ಅದು ನೆನೆಯಬೇಕು. ಆಮೇಲೆ ಉಳಿದದ್ದು ಅಂತರ್ಜಲಕ್ಕೆ ಇಳಿಯಬೇಕು. ಅಂದರೆ ಈ ವರ್ಷ ಎಷ್ಟು ನೀರು ಕೆಳಗಿಳಿಯುತ್ತದೆ ಎನ್ನುವುದು ಈ ವರ್ಷದ ಮಳೆಯೊಂದನ್ನೇ ನಂಬಿಲ್ಲ, ಹಿಂದಿನ ಹಲವು ವರ್ಷಗಳ ಲೆಕ್ಕವೂ ಅದರಲ್ಲಿ ಸೇರಿದೆ.

ಮೇಡಂ, ಇದನ್ನು ಮೂರು ವರ್ಷದ ಒಂದು ಪ್ರಾಜೆಕ್ಟ್‌ನಲ್ಲಿ ಕಂಡುಹಿಡಿಯಲು ಆಗುತ್ತಿತ್ತಾ? ಬರಗಾಲದ ಮೂರು ವರ್ಷ ಸಿಕ್ಕಿದ್ದರೆ ಒಂದು ಉತ್ತರ ಬರುತ್ತಿತ್ತು. ಒಳ್ಳೆ ಮಳೆಯ ಮೂರು ವರ್ಷ ಸಿಕ್ಕಿದ್ದರೆ ಬೇರೆ ಉತ್ತರ ಬರುತ್ತಿತ್ತು. ಎರಡೂ ಅರ್ಧ ಸತ್ಯ. ಮಳೆ ಬಂದರೂ ಬಾರದಿದ್ದರೂ, ಅನುದಾನ ಬಂದ ವರ್ಷವೂ ತಡವಾದ ವರ್ಷವೂ, ಅದೇ ಹಳ್ಳದ ಅದೇ ಜಾಗದಲ್ಲಿ ನೀರು ಅಳೆಯುವವರು ಇರಬೇಕಾಯಿತು. ಎರಡು ದೇಶದ ಸಂಸ್ಥೆಗಳು ಸೇರಿದ್ದರಿಂದ ಇಷ್ಟು ದೀರ್ಘ ಕಾಲ ನಡೆಯುವುದು ಸುಲಭವಾಯಿತು ಎಂದು ನನ್ನ ಅಭಿಪ್ರಾಯ. ಒಬ್ಬರ ದುಡ್ಡು ನಿಂತಾಗ ಇನ್ನೊಬ್ಬರ ಕಡೆಯಿಂದ ಕೆಲಸ ಮುಂದುವರಿಸಲು ದಾರಿ ಇರುತ್ತದೆ, ಅಲ್ವಾ?

ಬೇರಂಬಾಡಿಯ ಕಡೆ ಬಂದರೆ ವಿಷಯ ನೇರ ರೈತರ ಹೊಲಕ್ಕೇ ಬರುತ್ತದೆ. ಅಲ್ಲಿನ ಸುಮಾರು 200 ಬೋರ್‌ವೆಲ್‌ಗಳ ನೀರನ್ನು ತೆಗೆದು ಪರೀಕ್ಷೆ ಮಾಡಿದರು. ಕೆಲವು ಕಡೆ ನೈಟ್ರೇಟ್, ಅಂದರೆ ನೀರಿನಲ್ಲಿ ಕರಗಿದ ಸಾರಜನಕದ ಒಂದು ರೂಪ, ಬಹಳ ಜಾಸ್ತಿ ಇತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಎಷ್ಟೋ ಪಟ್ಟು ಮೀರಿದ ಬಾವಿಗಳು ಸಿಕ್ಕವು. ಹಾಕಿದ ಯೂರಿಯಾ, ಕೊಟ್ಟಿಗೆ ಗೊಬ್ಬರ ಎಲ್ಲದರ ಸಾರಜನಕ ಕೆಳಗಿಳಿದು, ಪಂಪಿನಲ್ಲಿ ಮೇಲೆ ಬಂದು, ಮತ್ತೆ ಹೊಲಕ್ಕೆ ಹೋಗುತ್ತಿತ್ತು. ಅಂಥ ನೀರನ್ನು ಹೊಲಕ್ಕೆ ಹಾಯಿಸಿದರೆ ಗೊಬ್ಬರವನ್ನೂ ಹಾಕಿದ ಹಾಗೆಯೇ. ರೈತರು ಆ ಲೆಕ್ಕ ಹಿಡಿದು ಯೂರಿಯಾ ಕಡಿಮೆ ಮಾಡಿದರೆ ದುಡ್ಡು ಉಳಿಯುತ್ತದೆ, ನೀರೂ ಕೆಡದೆ ಉಳಿಯುತ್ತದೆ.

2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧ ಪೊಟ್ಯಾಷ್ ಬಗ್ಗೆ. ನಮ್ಮ ಸೊಸೈಟಿಗಳಲ್ಲಿ ಸಿಗುವ ಪೊಟ್ಯಾಷ್ ಅಂದರೆ ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್. ಬೆಳೆಗೆ ಬೇಕಾದದ್ದು ಪೊಟ್ಯಾಸಿಯಂ. ಕ್ಲೋರೈಡನ್ನು ಬೆಳೆ ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ, ಮಣ್ಣೂ ಹಿಡಿದಿಟ್ಟುಕೊಳ್ಳುವುದಿಲ್ಲ. ಅದು ನೀರಿನ ಜೊತೆ ಕೆಳಗಿಳಿಯುತ್ತದೆ. ಅದೇ ನೀರನ್ನು ಬೋರ್‌ವೆಲ್‌ನಿಂದ ಎತ್ತಿ ಹಾಯಿಸುತ್ತೇವೆ. ನೀರು ಆವಿಯಾಗುತ್ತದೆ, ಕ್ಲೋರೈಡ್ ಉಳಿಯುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ಎತ್ತುತ್ತೇವೆ. ಪಾತ್ರೆಯಲ್ಲಿ ಸಾರು ಕುದಿಸಿದಷ್ಟೂ ಉಪ್ಪಾಗುವ ಹಾಗೆ ಅಂತರ್ಜಲ ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತದೆ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಬಾವಿ ನೀರು ಉಪ್ಪಾಗಲು ಗೊಬ್ಬರದ ಚೀಲವೂ ಕಾರಣ ಎಂದು ಗೊತ್ತಾದದ್ದು ಹೀಗೆ. ಆ ಪ್ರಬಂಧದಲ್ಲಿ ಮೊದಲ ಹೆಸರು ಭಾರತೀಯ ಸಂಶೋಧಕಿಯದು.

ಕೊನೆಯ ಮಾತನ್ನು ಬೇಕೆಂದೇ ಬರೆದೆ. ನಮ್ಮ ಮಕ್ಕಳಿಗೆ ಏನು ಸಿಕ್ಕಿತು ಎಂದು ಕೇಳಿದ್ದೀರಿ. ಒಂದು ಸಹಯೋಗ ಹೇಗಿದೆ ಎಂದು ನೋಡಲು ನಾನು ಮೊದಲು ಹುಡುಕುವುದು ಪ್ರಬಂಧದ ಮೊದಲ ಹೆಸರನ್ನು. ಇಲ್ಲಿನ ವಿದ್ಯಾರ್ಥಿ ಮಾದರಿ ಸಂಗ್ರಹಿಸಿ ಡಬ್ಬಿಗೆ ಚೀಟಿ ಅಂಟಿಸಿ ಕಳಿಸಿ, ಹೆಸರು ಕೊನೆಯಲ್ಲೆಲ್ಲೋ ಬಂದರೆ, ನಿಮ್ಮ ಕೋಪ ಸರಿಯಾದದ್ದೇ. ಇಲ್ಲಿನ ವಿದ್ಯಾರ್ಥಿ ಪ್ರಶ್ನೆ ಎತ್ತಿ, ಅಳೆದು, ಲೆಕ್ಕ ಹಾಕಿ, ತಾನೇ ಬರೆದಿದ್ದರೆ ಅದು ಬೇರೆ. ಸಂಶೋಧನೆಯಲ್ಲಿ ಬೆಳೆಯುವುದು ಅಂದರೆ ಅದೇ.

ಅವರು ನಮ್ಮ ಮಣ್ಣು, ನೀರು ಒಯ್ಯುತ್ತಾರೆ ಎನ್ನುವ ಆತಂಕದ ಬಗ್ಗೆ ಒಂದು ಮಾತು. ಗಿಡ, ಬೀಜ, ಸೂಕ್ಷ್ಮಜೀವಿಗಳ ವಿಷಯಕ್ಕೆ ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆ ಇದೆ. ಹೊರದೇಶದವರು ಅವನ್ನು ಸಂಶೋಧನೆಗೆ ತೆಗೆದುಕೊಳ್ಳಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಕೇಂದ್ರದ ಮಾರ್ಗಸೂಚಿಯಂತೆ ನಡೆಯುವ ಸಂಸ್ಥೆಗಳ ನಡುವಿನ ಸಹಯೋಗಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಬಾಗಿಲು ಪೂರ್ತಿ ತೆರೆದಿದೆ ಎಂದು ತಿಳಿಯಬೇಡಿ. ಇನ್ನು ಅಳತೆಗಳ ವಿಷಯ. ಬೇರಂಬಾಡಿಯಲ್ಲಿ ಮಣ್ಣಿನ ತೇವಾಂಶವನ್ನು ಹೊಲದಲ್ಲೇ ಅಳೆದಿದ್ದರಿಂದ ಉಪಗ್ರಹಗಳು ಮೇಲಿಂದ ಹೇಳುವ ಲೆಕ್ಕ ಸರಿಯಾ ಎಂದು ತಾಳೆ ನೋಡಲು ಸಾಧ್ಯವಾಯಿತು. ಅದರಿಂದ ನಮ್ಮ ಉಪಗ್ರಹದವರಿಗೂ ಉಪಯೋಗ, ಹೊರಗಿನವರಿಗೂ ಉಪಯೋಗ. ಹಂಚಿಕೊಂಡಿದ್ದಕ್ಕೆ ಇಲ್ಲಿ ಏನೂ ಕಡಿಮೆಯಾಗಲಿಲ್ಲ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಪೊಟ್ಯಾಷ್ ಬಗ್ಗೆ ಮೇಲೆ ಬರೆದೆನಲ್ಲ, ಆ ಪ್ರಬಂಧ ಇರುವುದು ಇಂಗ್ಲಿಷಿನಲ್ಲಿ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ ಪತ್ರಿಕೆಯಲ್ಲೇ ಬಂದಿದೆ. ಆದರೆ ಅರಿಸಿನಕ್ಕೆ ಪೊಟ್ಯಾಷ್ ಹಾಕುವ ರೈತ ಅದನ್ನು ಓದುವುದು ಹೇಗೆ? ಅವನ ಹೊಲದಿಂದ ತೆಗೆದ ನೀರಿನ ಲೆಕ್ಕ ಅವನಿಗೇ ಅವನ ಭಾಷೆಯಲ್ಲಿ ಸಿಗಬೇಕು. ಇಂಥ ಯೋಜನೆಗಳಿಗೆ ಅನುದಾನ ಕೊಡುವಾಗ ಉಪಕರಣಕ್ಕೆ, ಪ್ರಯಾಣಕ್ಕೆ, ಸಮ್ಮೇಳನಕ್ಕೆ ಇಷ್ಟಿಷ್ಟು ಎಂದು ಬರೆಯುತ್ತಾರೆ. ಊರಿನವರಿಗೆ ಫಲಿತಾಂಶ ಹೇಳಲು, ಅದನ್ನು ಕನ್ನಡದಲ್ಲಿ ಬರೆಸಲು ಒಂದು ಸಾಲು ಇರಲೇಬೇಕು ಎಂದು ಷರತ್ತು ಹಾಕುವುದು ಕಷ್ಟವೇ? ನಮ್ಮ ವಿಶ್ವವಿದ್ಯಾಲಯಗಳು ಒಡಂಬಡಿಕೆ ಬರೆಯುವಾಗ ಇದನ್ನು ಕೇಳಬಹುದು. ಹೊರದೇಶದವರು ಬೇಡ ಎನ್ನುತ್ತಾರೆ ಎಂದು ನನಗೆ ಅನಿಸುವುದಿಲ್ಲ. ಕೇಳಬೇಕಾದವರು ನಾವು. ಪೊಟ್ಯಾಷ್ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ರೈತರಿಗೆ ಉಪಯೋಗ ಆಗುವ ಹಾಗೆ ವಿವರವಾಗಿ ಕೊಡುತ್ತೇವೆ.

ಈಗ ಮಗಳ ವಿಷಯ. ಕಳಿಸಿ ಎಂದೇ ನನ್ನ ಅಭಿಪ್ರಾಯ. ಆದರೆ ಒಪ್ಪಿಕೊಳ್ಳುವ ಮೊದಲು ಕೆಲವನ್ನು ಕೇಳಿ ತಿಳಿದುಕೊಳ್ಳಲಿ. ಯುಜಿಸಿ 2022ರಲ್ಲಿ ಹೊರದೇಶದ ವಿಶ್ವವಿದ್ಯಾಲಯಗಳ ಜೊತೆಗಿನ ಜಂಟಿ ಪದವಿಗಳಿಗೆ ನಿಯಮ ಮಾಡಿದೆ. ಅದರ ಪ್ರಕಾರ ಜಂಟಿ ಪಿಎಚ್.ಡಿ.ಯಲ್ಲಿ ಎರಡೂ ಕಡೆ ಒಬ್ಬೊಬ್ಬ ಗೈಡ್ ಇರಬೇಕು. ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ಇರಬೇಕು. ಥೀಸಿಸ್ ಒಂದೇ. ಆನ್‌ಲೈನ್‌ನಲ್ಲಿ ನಡೆಸುವ ಕೋರ್ಸುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಆಚೆಯ ಗೈಡ್ ಯಾರು ಎಂದು ಮೊದಲು ಹೆಸರು ಹಿಡಿದು ಕೇಳಲಿ. "ಆಮೇಲೆ ಹೇಳುತ್ತೇವೆ" ಎಂದರೆ ಅಲ್ಲಿಗೆ ನಿಲ್ಲಿಸಬಹುದು. ಹೆಸರು ಕೊಟ್ಟರೆ ಆ ಗೈಡ್‌ಗೂ ಇಲ್ಲಿಯ ಗೈಡ್‌ಗೂ ಒಟ್ಟಿಗೆ ಕೆಲಸ ಮಾಡಿದ ಅನುಭವ ಇದೆಯಾ, ಇಬ್ಬರ ಹೆಸರೂ ಇರುವ ಪ್ರಬಂಧ ಯಾವುದಾದರೂ ಇದೆಯಾ ಎಂದು ಹುಡುಕಲಿ. ಇದು ಕಂಪ್ಯೂಟರ್ ಮುಂದೆ ಕೂತು ಒಂದು ಸಂಜೆಯಲ್ಲಿ ಆಗುವ ಕೆಲಸ.

ಆಮೇಲೆ ದುಡ್ಡು. ಅಲ್ಲಿ ಇರುವ ತಿಂಗಳುಗಳಿಗೆ ಫೆಲೋಶಿಪ್ ಯಾರು ಕೊಡುತ್ತಾರೆ, ಬಾಡಿಗೆ ಅದರಲ್ಲಿ ಕಟ್ಟಬಹುದಾ, ಆರೋಗ್ಯ ವಿಮೆ ಯಾರದು ಎಂಬುದೆಲ್ಲ ಬರವಣಿಗೆಯಲ್ಲಿ ಇರಬೇಕು. ಫ್ರಾನ್ಸ್ ಆದರೆ ಭಾರತ ಮತ್ತು ಫ್ರಾನ್ಸ್ ಸರ್ಕಾರಗಳು 1987ರಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರದ ರಾಮನ್-ಶಾರ್ಪಾಕ್ ಫೆಲೋಶಿಪ್ ಇದೆ. ಪಿಎಚ್.ಡಿ. ವಿದ್ಯಾರ್ಥಿಗಳು ಕೆಲವು ತಿಂಗಳು ಆಚೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅದು ನೆರವಾಗುತ್ತದೆ. ಜರ್ಮನಿ ಆದರೆ ವಿದ್ಯಾರ್ಥಿವೇತನ ಕೊಡುವ ಅಲ್ಲಿನ ಡಿಎಎಡಿ ಸಂಸ್ಥೆ ಇದೆ. ಜಂಟಿ ಪಿಎಚ್.ಡಿ. ಇಲ್ಲದಿದ್ದರೂ ಇಂಥ ದಾರಿಯಲ್ಲಿ ಹೋಗಿಬರಬಹುದು. ಮನೆ ಅಡವಿಟ್ಟು ಸಾಲ ಮಾಡಿ ಪಿಎಚ್.ಡಿ.ಗೆ ಕಳಿಸುವ ಅಗತ್ಯ ಬರಬಾರದು. ಸಂಶೋಧನೆ ಮಾಡುವವರಿಗೆ ಜೀವನಕ್ಕೆ ಸಾಲುವಷ್ಟು ಕೊಡುವುದು ಕರೆಸಿಕೊಳ್ಳುವವರ ಜವಾಬ್ದಾರಿ. ಈ ಮಾತಿನಲ್ಲಿ ಮಾತ್ರ ಸಂಕೋಚ ಬೇಡ, ಗಟ್ಟಿಯಾಗಿ ಕೇಳಲಿ.

ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳ ತಾಯಿಯಾದ ನಿಮಗೆ ಹೇಳಲೇಬೇಕು. ಆ ಕಾರ್ಯಕ್ರಮದಲ್ಲಿ ಮೊದಲೇ ಹೋಗಿಬಂದ ವಿದ್ಯಾರ್ಥಿನಿಯರ ಜೊತೆ ಮಗಳು ಮಾತಾಡಲಿ. ಇಲಾಖೆಯವರು ಹೇಳಿದ್ದನ್ನೆಲ್ಲ ಬದಿಗಿಡಿ. ಕ್ಷೇತ್ರಕಾರ್ಯದಲ್ಲಿ ಜೊತೆಗೆ ಯಾರು ಇರುತ್ತಾರೆ, ಗೈಡ್ ಮಾತಿಗೆ ಸಿಗುತ್ತಾರಾ, ತೊಂದರೆಯಾದರೆ ಯಾರ ಹತ್ತಿರ ಹೇಳಬೇಕು ಎಂದು ಅವರು ಹೇಳುವಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ಹೋಗಿಬಂದವರು ಯಾರೂ ಇಲ್ಲ, ನಿಮ್ಮ ಮಗಳೇ ಮೊದಲು ಎಂದರೆ ಅದೇನೂ ಕೆಟ್ಟದ್ದಲ್ಲ. ಆಗ ಎರಡೂ ಗೈಡ್‌ಗಳ ಜೊತೆ ಒಟ್ಟಿಗೆ ಒಂದು ವಿಡಿಯೊ ಕರೆ ಮಾಡಿ ಮಾತಾಡಲಿ, ಅಷ್ಟೆ.

ಉತ್ತರಗಳು ಸಿಕ್ಕಿದ ಮೇಲೆ ನಮಗೂ ಒಂದು ಸಾಲು ಬರೆಯಿರಿ ಮೇಡಂ. ಹೆಸರಿಲ್ಲದೆ ಪ್ರಕಟಿಸುತ್ತೇವೆ. ಇದೇ ಪ್ರಶ್ನೆ ಇಟ್ಟುಕೊಂಡು ಯೋಚನೆ ಮಾಡುತ್ತಿರುವ ತಂದೆ-ತಾಯಿಯರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ.

— ಸಂಪಾದಕ